ಎಲೆಯಾಸಾರನ ಕಾಯಿಗಳು

2019ರ ಜೂನ್ 22, ಶನಿವಾರ, ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷ. ಚಿಲಿ ದೇಶದ ಚಿಲೋಯೆ ದ್ವೀಪದ ಅಚಾವ್ ಊರಿನ ವಸತಿಮನೆಯೊಂದರಲ್ಲಿ ಮನೆಯೊಡತಿ ಒತಿಲಿಯಾ ಮೂರು ಜನರ ಊಟಕ್ಕೆ ನಾಲ್ಕು ತಟ್ಟೆ ಇಟ್ಟಳು.

"ಇನ್ಯಾರು ಬರ್ತಾರೆ ಸೆನ್ಯೋರಾ?" ಎಂದ ಫಾರ್ಫಾನ್.

"ಯಾರೂ ಇಲ್ಲ. ಕೈ ತಾನೇ ಇಟ್ಬಿಡುತ್ತೆ." ಆಕೆ ನಾಲ್ಕನೆಯ ತಟ್ಟೆಯನ್ನು ಎತ್ತಿ, ಅದರಲ್ಲಿ ಏನೂ ಇಲ್ಲದಿದ್ದರೂ ಏಪ್ರನ್ನಿನ ಅಂಚಿನಿಂದ ಒರೆಸಿ, ಕಪಾಟಿನಲ್ಲಿಟ್ಟಳು. ಎಪ್ಪತ್ತರ ಆಸುಪಾಸಿನ ಹೆಂಗಸು, ಒಂಟಿ. ಗೋಡೆಯಲ್ಲಿ ಒಂದೇ ಒಂದು ಫೋಟೋ ಇರಲಿಲ್ಲ. ಸೌದೆಯ ಒಲೆಯ ಮೇಲೆ ಒದ್ದೆ ಉಣ್ಣೆಯ ಕಾಲುಚೀಲಗಳು ಒಣಗುತ್ತಿದ್ದವು. ಕಪ್ಪೆಚಿಪ್ಪಿನ ಸಾರಿನ ವಾಸನೆ, ಹೊಗೆಯ ವಾಸನೆ, ಹೊರಗಿನ ಕಡಲಪಾಚಿಯ ಕೊಳೆತ ವಾಸನೆ ಒಂದರೊಳಗೊಂದು ಸೇರಿ ಆ ಅಡುಗೆಮನೆಗೆ ಅದರದೇ ಒಂದು ಮೈ ಬಂದಂತಿತ್ತು.

ಬಾಸ್ತಿಯಾನ್ ಇರಿಗೋಯೆನ್ ಸಾರಿನಲ್ಲಿ ರೊಟ್ಟಿ ಅದ್ದುತ್ತಾ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ವಯಸ್ಸು ನಲವತ್ತೊಂದು. ಬದುಕಿಡೀ ಚದುರಂಗ, ಊರೂರಿನ ಬಸ್ ನಿಲ್ದಾಣ, ಊರೂರಿನ ಹಾಸಿಗೆ. ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಬೇಕಾದ ಮಿಕ್ಕೆಲ್ಲವನ್ನೂ ಅವನು ಯೌವನದಲ್ಲೇ ಸಂಪಾದಿಸಿದ್ದ. ಉಳಿದದ್ದು ಒಂದೇ: ರೇಟಿಂಗ್ ಒಂದು ಸಲ, ಒಂದೇ ಒಂದು ಸಲ, 2500 ಮುಟ್ಟಬೇಕು. ಎರಡು ಬಾರಿ ಅಂಚಿನ ತನಕ ಹೋಗಿ ಜಾರಿದ್ದ. ಈಗ ಅದು 2499.4.

ಅದಕ್ಕೇ ಅವನು ಈ ದ್ವೀಪಕ್ಕೆ ಬಂದದ್ದು. ಸಾನ್ ಹುವಾನ್ ಹಬ್ಬಕ್ಕೆಂದು ಇಲ್ಲಿನ ಕ್ಲಬ್ ಪ್ರತಿ ವರ್ಷ ಆರು ಜನರ ಪಂದ್ಯಾವಳಿ ನಡೆಸುತ್ತದೆ. ಎಲ್ಲರೂ ಎಲ್ಲರೊಡನೆ ಆಡಬೇಕು. ನಾಲ್ವರು ಊರಿನವರು, ಇಬ್ಬರು ಹೊರಗಿನವರು. ಊರಿನವರಂಥ ಇಷ್ಟು ಕೆಳಗಿನ ರೇಟಿಂಗಿನ ಆಟಗಾರನನ್ನು ಸೋಲಿಸಿದರೆ ನಿಯಮದ ಪ್ರಕಾರ ಸಿಗುವುದು ದಶಾಂಶ ಎಂಟು ಅಂಕ. ಅವನಿಗೆ ಅಷ್ಟು ಸಾಕಿತ್ತು. ಆದರೆ ಅಂಥವನೊಂದಿಗೆ ಡ್ರಾ ಆದರೆ ಕಳೆದುಕೊಳ್ಳುವುದು ನಾಲ್ಕು ದಶಾಂಶ ಎರಡು. ಆ ಹಳ್ಳವನ್ನು ಮಿಕ್ಕ ಆಟಗಳನ್ನು ಗೆದ್ದೂ ತುಂಬಲಾಗದು, ಏಕೆಂದರೆ ಫಾರ್ಫಾನ್ ಜೊತೆ ಅವನದು ಯಾವಾಗಲೂ ಡ್ರಾ. ಅರೆಕಿಪಾದಿಂದ ಬಂದ ಈ ಪೆರುವಿನ ಸ್ನೇಹಿತ ಹನ್ನೊಂದು ವರ್ಷಗಳಿಂದ ಅವನೊಂದಿಗೆ ಕೋಣೆ, ಸಾಬೂನು, ನೆಗಡಿ ಎಲ್ಲವನ್ನೂ ಹಂಚಿಕೊಂಡವನು. ಇಬ್ಬರೂ ಒಬ್ಬರನ್ನೊಬ್ಬರು ಸೋಲಿಸುವುದಿಲ್ಲವೆಂಬುದು ಬಾಯಿ ಬಿಟ್ಟು ಹೇಳದ ಒಪ್ಪಂದ.

"ಮಕ್ಕಳ ಕೈಯಿಂದ ಮಿಠಾಯಿ ಕಸಿಯೋಕೆ ಇಷ್ಟು ದೂರ ಬಂದಿದಾನೆ ನೋಡಿ ಸೆನ್ಯೋರಾ," ಎಂದ ಫಾರ್ಫಾನ್. "ನಾಚಿಕೆ ಅನ್ನೋದು ಇದ್ಯೇನೋ ಬಾಸ್ತಿ?"

"ಮಿಠಾಯಿ ಅಲ್ಲಪ್ಪ. ಮಿಠಾಯಿ ಕಾಗದ ಅಷ್ಟೆ. ಅದೂ ನೆಕ್ಕಿರೋದು."

ಒತಿಲಿಯಾ ನಗಲಿಲ್ಲ. "ಮೊದಲನೇ ಆಟ ಯಾರ ಜೊತೆ?"

"ಎಲೆಯಾಸಾರ್ ಚಿಗುವಾಯ್ ಅಂತೆ. ರೇಟಿಂಗ್ 1541."

ಆಕೆಯ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ತಗುಲಿ ಸದ್ದಾಯಿತು. "ಅವನು ಮೊದಲನೇ ನಡೆಗೇ ಡ್ರಾ ಕೇಳ್ತಾನೆ. ಕೊಟ್ಬಿಡಿ."

"ಯಾಕೆ?"

"ಎಲ್ಲರೂ ಕೊಡ್ತಾರೆ. ಅವನ ಕಾಯಿ ಹೊಡೀಬಾರದು. ಅವನೂ ಯಾರ ಕಾಯೀನೂ ಹೊಡಿಯಲ್ಲ, ಸೋತೆ ಅಂತಾನೂ ಅನ್ನಲ್ಲ. ಅನ್ನೋಕಾಗಲ್ಲ. ಡ್ರಾ ಒಂದೇ ಅವನ ಬಾಯಿಗೆ ಬರೋ ಮಾತು. ಚಿಕ್ಕ ವಯಸ್ಸಲ್ಲಿ ಗುಹೆಯ ಮಾಟಗಾರರ ಮಗನೊಬ್ಬ ಡ್ರಾ ಕೇಳಿದಾಗ ಇವನು ನಕ್ಕು, ಸೋಲಿಸಿ ಕಳಿಸಿದ್ನಂತೆ. ಆ ರಾತ್ರಿ ಅವರು ಬಂದು ಇವನ ಕಾಯಿಗಳ ಮೇಲೆ ಮಾಟ ಊದಿ ಹೋದ್ರಂತೆ. ಅವನ ಕಾಯಿ ತಗೊಂಡವರು ಅವನ ಪಾಡು ತಗೋತಾರೆ."

"ಏನವನ ಪಾಡು?"

ಒತಿಲಿಯಾ ಸೌಟನ್ನು ಕೆಳಗಿಟ್ಟಳು. "ಅವನಿಗೆ ಯಾರೂ ಇಲ್ಲ," ಎಂದಳು. "ಯಾರ ಮಗ, ಯಾರ ಗಂಡ, ಒಬ್ಬರಿಗೂ ಗೊತ್ತಿಲ್ಲ. ಸಾನ್ ಹುವಾನ್ ಬಂದ್ರೆ ಕಾಲೇ ಅವನನ್ನ ಎಳಕೊಂಡು ಬಂದ ಹಾಗೆ ಬಂದು ಕೂರ್ತಾನೆ. ಅವನನ್ನ ಕಂಡ್ರೆ ನಂಗೆ ಎದೆ ಹಿಂಡಿದ ಹಾಗಾಗುತ್ತೆ, ಯಾಕೋ."

"ಸೆನ್ಯೋರಾ," ಬಾಸ್ತಿಯಾನ ನಗುತ್ತಾ ಹೇಳಿದ, "ನಂಗೂ ಯಾರೂ ಇಲ್ಲ. ಮಾಟಗಾರರಿಗೆ ಕೆಲಸ ಉಳೀತು ಅನ್ನಿ."

ಅದು ಪೂರ್ತಿ ನಿಜವಲ್ಲ. ಊಟ ಮುಗಿಸಿ ಅವನು ಕೋಣೆಗೆ ಹೋಗಿ ಫೋನು ತೆರೆದ. ಪ್ರತಿ ಪಂದ್ಯದ ಮುಂಚೆ ಬರುವಂತೆ ಮೈತೆಯ ಧ್ವನಿಸಂದೇಶ ಬಂದಿತ್ತು. ಹನ್ನೊಂದು ವರ್ಷದ ಮಗಳು, ತಾಯಿಯ ಜೊತೆ ವಾಲ್ಪರೈಸೊದಲ್ಲಿ ಇರುವವಳು. "ಅಪ್ಪಾ, ಕುದುರೆಗೆ ನೀರು ಕುಡಿಸಿದ್ಯಾ? ಆನೆಗೆ ಹುಲ್ಲು ಹಾಕಿದ್ಯಾ? ಕೇಳು, ನಾನು ಕ್ಲಾಸಲ್ಲಿ ನಮ್ಮಪ್ಪ ಆಗ್ಲೇ ಗ್ರ್ಯಾಂಡ್‌ಮಾಸ್ಟರ್ ಅಂತ ಸುಳ್ಳು ಹೇಳ್ಬಿಟ್ಟಿದೀನಿ. ಬೇಗ ಆಗ್ಬಿಡು, ಆಯ್ತಾ? ಇಲ್ಲಾಂದ್ರೆ ನನ್ನ ಮಾನ ಹೋಗುತ್ತೆ."

ಅವನು ಅದನ್ನು ಎರಡು ಸಲ ಕೇಳಿದ.

*

ಪಂದ್ಯ ನಡೆಯುವುದು ಅಗ್ನಿಶಾಮಕ ಠಾಣೆಯ ಮೇಲಂತಸ್ತಿನಲ್ಲಿ. ಮರದ ನೆಲ, ಮರದ ಗೋಡೆ, ಮೂಲೆಯಲ್ಲೊಂದು ಕಬ್ಬಿಣದ ಒಲೆ. ಮೂರೇ ಮೇಜು. ಕಿಟಕಿಯಾಚೆ ಜಲಸಂಧಿಯ ನೀರು ಸೀಸದ ಬಣ್ಣಕ್ಕೆ ತಿರುಗಿತ್ತು. ತೀರ್ಪುಗಾರ್ತಿ ನಿಯೆವೆಸ್ ಬಾರಿಯಾ ಬಾಸ್ತಿಯಾನನ ಕೆನ್ನೆ ಹಿಂಡಿದಳು.

"ಬಾಸ್ತಿ, ಮಗನೇ! ನೀನು ನಿಕ್ಕರ್ ಹಾಕ್ಕೊಂಡು ಸೋತು ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಫೋನ್ ಕೊಡು ಇಲ್ಲಿ."

ಫೋನುಗಳೆಲ್ಲ ಅವಳ ಡಬ್ಬಿ ಸೇರಿದವು. ಆಮೇಲೆ ಅವಳು ದನಿ ತಗ್ಗಿಸಿದಳು. "ಎಲೆಯಾಸಾರ್ ತನ್ನ ಕಾಯಿಗಳಲ್ಲೇ ಆಡ್ತಾನೆ. ಪದ್ಧತಿ. ನಿನ್ನ ಒಪ್ಪಿಗೆ ಬೇಕು."

"ಆಡಲಿ. ಬೇಕಾದ್ರೆ ಅಂಗಿ ಗುಂಡಿಗಳಲ್ಲಿ ಆಡಲಿ."

ಮುದುಕ ಆಗಲೇ ಕೂತಿದ್ದ. ಸಣ್ಣ ಮೈ, ಮಂಡಿಯ ತನಕ ಇಳಿದ ಕಪ್ಪು ಉಣ್ಣೆಯಂಗಿ, ಬಡಗಿಯ ಕೈಗಳು. ಬಿಳಿ ಕಾಯಿಗಳು ತಿಮಿಂಗಿಲದ ಮೂಳೆಯವು, ಕಪ್ಪು ಕಾಯಿಗಳು ಲೂಮಾ ಮರದವು. ಬಾಸ್ತಿಯಾನನಿಗೆ ಬಿಳಿ ಬಂದಿತ್ತು. ತನ್ನ ರಾಜನನ್ನು ಸರಿಯಾಗಿ ಕೂರಿಸಲು ಮುಟ್ಟಿದರೆ ಒದ್ದೆಯಾಗಿತ್ತು. ಬಾವಿಯ ಕಲ್ಲನ್ನು ಮುಟ್ಟಿದ ಹಾಗೆ. ಬೆರಳು ಮೂಸಿದ, ಅಗೆದ ಮಣ್ಣಿನ ವಾಸನೆ.

ಅವನು ಕಾಲಾಳು ಸರಿಸಿ ಗಡಿಯಾರ ಒತ್ತಿದ. ಮುದುಕನೂ ಒಂದು ಕಾಲಾಳು ಸರಿಸಿ ಕೈ ಚಾಚಿದ.

"ಡ್ರಾ ಕೊಡಪ್ಪ."

ಪಕ್ಕದ ಎರಡೂ ಮೇಜಿನವರು ತಲೆ ಎತ್ತಿದರು. ಫಾರ್ಫಾನ್ ಕಣ್ಣು ಹೊಡೆದ. ಬಾಸ್ತಿಯಾನನಿಗೆ ಒಂದು ವಿಷಯ ಹೊಳೆದು ಒಳಗೇ ನಗು ಬಂತು. ಯಾವಾಗಲೂ ಡ್ರಾ ಮಾಡಿಕೊಳ್ಳುವವನ ರೇಟಿಂಗ್ ಕ್ರಮೇಣ ಎದುರಾಳಿಗಳ ಸರಾಸರಿಗೆ ಬಂದು ನಿಲ್ಲುತ್ತದೆ. 1541 ಎಂಬುದು ಈ ಮುದುಕನ ಸಂಖ್ಯೆಯಲ್ಲ. ಈ ಊರಿನ ಸಂಖ್ಯೆ. ಇವನಿಗೆ ತನ್ನದೆಂಬ ಸಂಖ್ಯೆಯೂ ಇಲ್ಲ.

"ಆಡೋಣ," ಎಂದ.

ಮುದುಕ ಸುತ್ತಲೂ ಗೋಡೆ ಕಟ್ಟಿಕೊಂಡು ಆಡಿದ. ಯಾವ ಕಾಯಿಯೂ ಯಾವ ಕಾಯಿಗೂ ತಾಗದಂತೆ, ತುಂಬಿದ ದೋಣಿಯಲ್ಲಿ ಜಾಗ ಮಾಡಿಕೊಡುವವನ ಹಾಗೆ, ಎಲ್ಲವನ್ನೂ ಹಿಂದಕ್ಕೆ ಹಿಂದಕ್ಕೆ ಸರಿಸಿಕೊಂಡ. ಬಾಸ್ತಿಯಾನ ಗೋಡೆಗೆ ಕಾಲಾಳು ಒತ್ತಿದ. ಮುದುಕ ಅದನ್ನು ಹೊಡೆಯಬಹುದಿತ್ತು. ಹೊಡೆಯಲಿಲ್ಲ. ಮತ್ತೆ ಕೈ ಚಾಚಿ, ಡ್ರಾ ಕೇಳಿದ. ಬಾಸ್ತಿಯಾನ ತಲೆಯಾಡಿಸಿ ಮೊದಲ ಕಾಲಾಳನ್ನು ಹೊಡೆದ.

ಏನೂ ಆಗಲಿಲ್ಲ. ಒಲೆಯಲ್ಲಿ ಸೌದೆ ಸಿಡಿಯಿತು. ಒಲೆಯ ಬಳಿ ಬಲೆ ಹೊಲಿಯುತ್ತಾ ಕೂತಿದ್ದ ಮುದಿ ಮೀನುಗಾರನೊಬ್ಬ ಸೂಜಿ ನಿಲ್ಲಿಸಿ, ಕಣ್ಣು ಕಿರಿದು ಮಾಡಿ ಎಲೆಯಾಸಾರನನ್ನೇ ನೋಡತೊಡಗಿದ.

"ಡ್ರಾ ಕೊಡು ಮಗಾ," ಎಂದ ಎಲೆಯಾಸಾರ. "ನಿಂಗೆ ಗೊತ್ತಾಗಲ್ಲ."

ಬಾಸ್ತಿಯಾನ ಗಡಿಯಾರ ನಿಲ್ಲಿಸಿ ಕೈ ಎತ್ತಿದ. ಎದುರಾಳಿಯನ್ನು ಪದೇಪದೇ ಡ್ರಾ ಕೇಳಿ ಕಾಡುವುದು ಅಪರಾಧ. ದೊಡ್ಡ ಪಂದ್ಯಗಳಲ್ಲಿ ಆಡಿದವರು ಇದಕ್ಕೆ ತಕ್ಷಣ ದೂರು ಕೊಡುತ್ತಾರೆ. ಅದು ಅವನಿಗೆ ಉಸಿರಾಟದಷ್ಟೇ ರೂಢಿ.

ನಿಯೆವೆಸ್ ಬಾಗಿ ಪಿಸುಗುಟ್ಟಿದಳು. "ಬಾಸ್ತಿ, ಕೊಟ್ಬಿಡೋ. ನಿಮ್ಮಮ್ಮನಾಣೆ."

"ನಿಯಮ ಇದೆಯೋ ಇಲ್ವೋ?"

"ಇದೆ."

"ಹಾಗಾದ್ರೆ ಹೇಳಿ."

ಅವಳು ಮುದುಕನ ಕಡೆ ತಿರುಗಿ, ಅವನ ಕಣ್ಣು ತಪ್ಪಿಸಿ ಹೇಳಿದಳು. "ಇನ್ನು ಈ ಆಟದಲ್ಲಿ ನೀವು ಡ್ರಾ ಕೇಳೋ ಹಾಗಿಲ್ಲ. ಅವರು ಕೇಳಿದ್ರೆ ಮಾತ್ರ."

ಎಲೆಯಾಸಾರ ಬಾಯಿ ಮುಚ್ಚಿದ. ಅವನಿಗಿದ್ದ ಒಂದೇ ಮಾತೂ ಹೋಯಿತು. ಅವನ ಬಲಗೈ ತನ್ನ ರಾಜನ ಕಡೆ ಹೋಯಿತು, ಅದನ್ನು ಮಲಗಿಸಿ ಸೋಲೊಪ್ಪಿಕೊಳ್ಳುವವನಂತೆ. ಕಾಯಿಗೆ ಬೆರಳಗಲ ದೂರದಲ್ಲಿ ಕೈ ನಿಂತಿತು. ನರಗಳು ಉಬ್ಬಿದವು. ಹಣೆ ಬೆವರಿತು. ಕೈ ಮುಂದೆ ಹೋಗಲಿಲ್ಲ. ಕೊನೆಗೆ ಅವನು ಅದನ್ನು ಅಂಗೈ ಮೇಲಾಗಿ ಮೇಜಿನ ಅಂಚಿನಲ್ಲಿಟ್ಟ, ಭಿಕ್ಷೆಗೆ ಕೂತವರ ಹಾಗೆ. ಅಲ್ಲೇ ಬಿಟ್ಟ.

ನಾಟಕ, ಎಂದುಕೊಂಡ ಬಾಸ್ತಿಯಾನ. ಒಂಟೆಯನ್ನು ಹೊಡೆದ.

ಗಡಿಯಾರ ಒತ್ತಿ ತಲೆ ಎತ್ತಿದರೆ ನಿಯೆವೆಸ್ ಅವನನ್ನೇ ನೋಡುತ್ತಿದ್ದಳು. ಹತ್ತಿರ ಬಂದಳು. ಅವನ ಮುಂದಿದ್ದ ಹೆಸರಿನ ಚೀಟಿಯನ್ನು ಓದಿದಳು, ಮತ್ತೆ ಮುಖ ನೋಡಿದಳು.

"ಇರಿಗೋಯೆನ್," ಎಂದಳು. "ನೀವು ಸಾಂತಿಯಾಗೊ ಕಡೆಯವರಾ?"

"ಏನು ನಿಯೆವೆಸಮ್ಮ, ತಮಾಷೆನಾ?"

ಅವಳು ಸಂಕೋಚದಿಂದ ನಕ್ಕಳು, ಅಪರಿಚಿತರ ಸಲುಗೆಗೆ ಹೆಂಗಸರು ನಗುವ ಹಾಗೆ. ಆಮೇಲೆ ದೂರ ಸರಿದಳು.

ವಯಸ್ಸಾಯಿತು ಪಾಪ, ಎಂದುಕೊಂಡ. ಹತ್ತಾರು ಜನರ ನಡುವೆ ಬದುಕುವವನಾಗಿದ್ದರೆ ಅವನಿಗೆ ಅಷ್ಟು ಹೊತ್ತಿಗೆ ಅನುಮಾನ ಬಂದಿರುತ್ತಿತ್ತು. ಆದರೆ ಒಬ್ಬರು ತನ್ನನ್ನು ಗುರುತಿಸದೆ ಹೋಗುವುದು ಬಾಸ್ತಿಯಾನನಿಗೆ ಹೊಸದಾಗಿರಲಿಲ್ಲ. ಬಸ್ಸುಗಳಲ್ಲಿ, ಊಟದ ಮನೆಗಳಲ್ಲಿ, ಮಗಳ ಶಾಲೆಯ ಗೇಟಿನಲ್ಲಿ ಅವನಿಗೆ ದಿನವೂ ಆಗುತ್ತಿದ್ದದ್ದು ಅದೇ.

ಒಲೆಯ ಬಳಿಯ ಮೀನುಗಾರ ಬಲೆ ಕೆಳಗಿಟ್ಟು ಎದ್ದು ನಿಂತಿದ್ದ. "ಎಲೆಯಾಸಾರ್?" ಎಂದ. ದನಿಯಲ್ಲಿ ಭಯವಿತ್ತು. "ಲೋ ಎಲೆಯಾಸಾರ್, ನೀನೇನೋ? ನಾವಿಬ್ರೂ ಒಂದೇ ದೋಣೀಲಿ..."

"ಸದ್ದು!" ಎಂದಳು ನಿಯೆವೆಸ್.

ಎಲೆಯಾಸಾರ ತಿರುಗಲಿಲ್ಲ.

*

ಐದೂವರೆಗೆ ಕತ್ತಲಾಯಿತು. ಯಾರೋ ದೀಪ ಹಾಕಿದರು. ಹಳದಿ ಬೆಳಕು ಮೇಜಿನ ಮೇಲೆ ಬಿದ್ದು ಕೋಣೆಯ ಮೂಲೆಗಳು ಇನ್ನಷ್ಟು ಕಪ್ಪಾದವು. ಉಳಿದೆರಡು ಆಟ ಮುಗಿದಿದ್ದವು. ಕೆಳಗೆ ಠಾಣೆಯ ಅಡುಗೆಮನೆಯಲ್ಲಿ ಆಟಗಾರರಿಗೆಂದು ರಾತ್ರಿಯ ಊಟ ಬೇಯುತ್ತಿತ್ತು. ಹೊಗೆಯಾಡಿಸಿದ ಮಾಂಸದ ವಾಸನೆ ನೆಲದ ಹಲಗೆಗಳ ಸಂದಿಯಿಂದ ಮೇಲೆ ಬರುತ್ತಿತ್ತು, ಜೊತೆಗೆ ಒತಿಲಿಯಾಳ ದನಿ.

ಬಾಸ್ತಿಯಾನ ಕುದುರೆಯನ್ನು ಹೊಡೆದ. ಮೂಳೆಯ ಕಾಯಿ ಮರದ ಕಾಯಿಗೆ ತಾಗಿದಾಗ ಸಣ್ಣಗೆ ನಿಟ್ಟುಸಿರು ಕೇಳಿದಂತಾಯಿತು. ಎದುರಾಳಿಯನ್ನು ಯೋಚಿಸಲು ಬಿಟ್ಟು ಕಾಲು ಸಡಿಲಿಸಲು ಹೊರಗಿನ ಪಡಸಾಲೆಗೆ ಹೋದ. ಫಾರ್ಫಾನ್ ಕಂಬಕ್ಕೊರಗಿ ಬಾಯಲ್ಲಿ ಸಿಗರೇಟು ಇಟ್ಟುಕೊಂಡು ಜೇಬು ತಡಕುತ್ತಿದ್ದ.

"ಗೆದ್ದ್ಯೇನೋ?" ಎಂದ ಬಾಸ್ತಿಯಾನ.

ಫಾರ್ಫಾನ್ ಸುತ್ತ ನೋಡಿ, ಮಾತು ತನಗೇ ಎಂದು ಖಾತ್ರಿ ಮಾಡಿಕೊಂಡ. "ಹ್ಞೂಂ, ಗೆದ್ದೆ. ಬೆಂಕಿಪೊಟ್ಟಣ ಇದೆಯಾ ನಿಮ್ಮತ್ರ?"

"ನೀವು ಅಂತೀಯಲ್ಲೋ ಕತ್ತೆ."

ಫಾರ್ಫಾನನ ಹುಬ್ಬು ಗಂಟಿಕ್ಕಿತು. ಹನ್ನೊಂದು ವರ್ಷದಲ್ಲಿ ಬಾಸ್ತಿಯಾನ ಆ ಮುಖದ ಎಲ್ಲ ವೇಷಗಳನ್ನೂ ಕಂಡಿದ್ದ. ಈ ಮುಖವನ್ನು ಕಂಡಿರಲಿಲ್ಲ. ಅದರಲ್ಲಿ ತಮಾಷೆಯ ಒಂದು ಎಳೆಯೂ ಇರಲಿಲ್ಲ. "ಕ್ಷಮಿಸಿ, ನಮಗೆ ಪರಿಚಯ ಇದೆಯಾ?"

"ಫಾರ್ಫಾನ್. ಸಾಕು."

"ಹೆಸರು ಗೊತ್ತು ನಿಮಗೆ. ಸಂತೋಷ," ಎಂದು ಮರ್ಯಾದೆಯಿಂದ ತಲೆಬಾಗಿ, ಸಿಗರೇಟನ್ನು ಹಚ್ಚದೆಯೇ ಜೇಬಿಗೆ ಹಾಕಿ, ಫಾರ್ಫಾನ್ ಮೆಟ್ಟಿಲಿಳಿದು ಹೋದ. ಕೊನೆಯ ಮೆಟ್ಟಿಲಲ್ಲಿ ಒಮ್ಮೆ ತಿರುಗಿ ನೋಡಿದ, ಹುಚ್ಚರನ್ನು ಖಾತ್ರಿ ಮಾಡಿಕೊಳ್ಳಲು ನೋಡುವ ಹಾಗೆ.

ಪಡಸಾಲೆಯ ಗಾಳಿ ಬಾಸ್ತಿಯಾನನ ಅಂಗಿಯೊಳಗೆ ನುಗ್ಗಿತು. ಅವನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಎರಡು ಘಟನೆಗಳಿಂದ ತೀರ್ಮಾನ ಮಾಡಬಾರದು ಎಂದು ಕಲಿತವನು. ಇಬ್ಬರೂ ಸೇರಿ ಆಟ ಕಟ್ಟಿದ್ದಾರೆ. ಊರಿಗೆ ಊರೇ ಸೇರಿ ಹೊರಗಿನವನನ್ನು ಹೆದರಿಸಿ ಡ್ರಾ ಕಸಿಯುವ ಉಪಾಯ. ಫಾರ್ಫಾನ್‌ಗೆ ತಮಾಷೆಯೆಂದರೆ ಪ್ರಾಣ. ಇಷ್ಟೇ. ಇಷ್ಟೇ ಇರಬೇಕು.

ವಾಪಸು ಬಂದು ಕೂತು ಆನೆಯನ್ನು ಹೊಡೆದ.

ಈ ಸಲ ಏನೂ ಆಗಲಿಲ್ಲ. ಅಥವಾ ಅವನ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿ ಏನೂ ಆಗಲಿಲ್ಲ. ದೂರದ ತೆಮುಕೊದಲ್ಲಿ ತನಗೊಬ್ಬ ಮುದಿ ತಾಯಿ ಇದ್ದಾಳೆಂಬುದು ಅವನಿಗೆ ಆ ಕ್ಷಣ ಯಾಕೋ ನೆನಪಾಯಿತು, ಅಷ್ಟೆ.

ಆದರೆ ಎದುರಿಗೆ ಒಂದು ಬದಲಾವಣೆಯಾಯಿತು. ಮೇಜಿನ ಅಂಚಿನಲ್ಲಿ ಮೂರು ಗಂಟೆಗಳಿಂದ ತೆರೆದೇ ಇದ್ದ ಎಲೆಯಾಸಾರನ ಅಂಗೈ ಮೆಲ್ಲನೆ ಮುಚ್ಚಿಕೊಂಡಿತು. ಬಾಗಿಲಲ್ಲಿ ಒಬ್ಬ ಮುದುಕಿ ಬಂದು ನಿಂತಿದ್ದಳು. ಅವನದೇ ಮೂಗು, ಅವನದೇ ಗದ್ದ. ಅಕ್ಕನೋ ತಂಗಿಯೋ. ಬಾಯಿಗೆ ಕೈ ಹಿಡಿದು ಅಳುತ್ತಿದ್ದಳು. ಎಲೆಯಾಸಾರ ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮುಚ್ಚಿದ ಮುಷ್ಟಿಯನ್ನು ಮೇಜಿನಿಂದ ಎಳೆದು ಮಡಿಲಲ್ಲಿಟ್ಟುಕೊಂಡ.

ಜೋಡಿಯ ಇನ್ನೊಂದು ಒಂಟೆ, ಕುದುರೆ, ಆನೆಗಳೂ ಒಂದೊಂದಾಗಿ ಹೋದ ಮೇಲೆ ಅವನ ಬಳಿ ಉಳಿದಿದ್ದದ್ದು ರಾಜ, ರಾಣಿ ಮತ್ತು ಒಂದು ಹಿಡಿ ಕಾಲಾಳುಗಳು. ರಾಣಿ ಬಿಳಿಯ ರಾಜನಿಗೆ ಶಾ, ಅಂದರೆ ಚೆಕ್, ಕೊಟ್ಟಿತು. ಬಾಸ್ತಿಯಾನ ಸರಿದ. ಮತ್ತೆ ಶಾ. ಮತ್ತೆ ಸರಿದ. ಮತ್ತೆ ಶಾ. ದುರಾಸೆಯಿಂದ ಕಾಯಿ ಗುಡ್ಡೆ ಹಾಕುವ ಭರದಲ್ಲಿ ತನ್ನ ರಾಜನ ಬಾಗಿಲು ತೆರೆದಿಟ್ಟಿದ್ದ. ಹೀಗೇ ನಡೆದರೆ ಮುಗಿಯದ ಶಾ. ಮುಗಿಯದ ಶಾ ಎಂದರೆ ಡ್ರಾ. ಡ್ರಾ ಎಂದರೆ ನಾಲ್ಕು ದಶಾಂಶ ಎರಡು. 1541ರ ಮುದುಕ, ಯಾರೂ ಅಲ್ಲದ ಮುದುಕ, ಅವನನ್ನು ಹಿಡಿದಿದ್ದ.

ಕೆಳಗಿನಿಂದ ಒತಿಲಿಯಾಳ ದನಿ ಕೇಳಿತು. "ಸಾರು ತಣ್ಣಗಾಗ್ತಿದೆ! ಮೇಲಿನವರದು ಮುಗೀತಾ?"

ಎಲೆಯಾಸಾರನ ಮುಖ ಆ ದನಿಯ ಕಡೆ ತಿರುಗಿತು. ಬಿಸಿಲಿನ ಕಡೆ ಸೊಪ್ಪು ತಿರುಗುವ ಹಾಗೆ. ಅವನ ತುಟಿಗಳು ಒಂದು ಹೆಸರನ್ನು ಸದ್ದಿಲ್ಲದೆ ಆಡಿದವು. ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ಇಂಗಿತು.

ಆಮೇಲೆ ಅವನು ರಾಣಿಯನ್ನು ಎತ್ತಿ, ಬಿಳಿಯ ರಾಜನ ಪಕ್ಕದ ಮನೆಯಲ್ಲಿ, ಯಾವ ಕಾವಲೂ ಇಲ್ಲದ ಮನೆಯಲ್ಲಿ ಇಟ್ಟ.

ಹೊಡೆದರೆ ಗೆಲುವು. ಇಲ್ಲವಾದರೆ ತಾನೇ ಬಾಯಿಬಿಟ್ಟು ಡ್ರಾ ಕೇಳಬೇಕು. ಅದಕ್ಕಿನ್ನೂ ಸಮಯವಿತ್ತು. ಬಾಯಿ ತೆರೆದರೆ ಸಾಕು.

ಬಾಸ್ತಿಯಾನ ರಾಣಿಯನ್ನು ನೋಡಿದ. ಲೂಮಾ ಮರದ ಕಪ್ಪು ರಾಣಿ. ಅದರ ಮೈಯಿಂದ ನೀರು ಜಿನುಗುತ್ತಿತ್ತು. ಒಲೆ ಆರಿತ್ತು. ನಿಯೆವೆಸ್, ಕೆನ್ನೆ ಹಿಂಡಿದವಳು, ಈಗ ಅವನನ್ನು ಗಡಿಯಾರ ನೋಡುವಂತೆ ನೋಡುತ್ತಿದ್ದಳು. ಕಾಲಾಳು, ಒಂಟೆ, ಕುದುರೆ, ಆನೆ. ದೂರದವರಿಂದ ಹತ್ತಿರದವರಿಗೆ. ಉಳಿದವರು ಯಾರು? ಅವನಿಗೆ ಗೊತ್ತಿತ್ತು. ಗೊತ್ತಿಲ್ಲವೆಂದು ಅಂದುಕೊಂಡ. ಇದು ನಿಜವಾಗಿದ್ದರೆ ಲೋಕಕ್ಕೇ ಹುಚ್ಚು. ಸುಳ್ಳಾಗಿದ್ದರೆ ದಶಾಂಶ ಎಂಟು. ಬೇಗ ಆಗ್ಬಿಡು ಅಪ್ಪಾ. ನನ್ನ ಮಾನ ಹೋಗುತ್ತೆ. ಅವಳಿಗಾಗಿ. ಅವಳಿಗಾಗಿಯೇ ಅಲ್ಲವೇ ಇದೆಲ್ಲ?

ಕೈ ಹೋಯಿತು.

ಬೆರಳು ಮುಟ್ಟಿತು.

ಬೆಚ್ಚಗಿತ್ತು. ಬೇರೆಲ್ಲ ಕಾಯಿಗಳು ತಣ್ಣಗಿದ್ದವು, ಇದೊಂದು ಬೆಚ್ಚಗಿತ್ತು. ಮಲಗಿ ಎದ್ದ ಮಗುವಿನ ಕೆನ್ನೆಯಷ್ಟು ಬೆಚ್ಚಗೆ. ಅವನು ಕೈ ಹಿಂದೆಗೆಯಬೇಕೆಂದುಕೊಂಡ. ಮುಟ್ಟಿದ ಕಾಯಿಯನ್ನು ಹೊಡೆಯಲೇಬೇಕು. ಅದು ನಿಯಮ. ಮೂವತ್ತು ವರ್ಷ ಅವನು ಮುರಿಯದ ನಿಯಮ.

ಹೊಡೆದ.

ರಾಣಿ ಅವನ ಮುಷ್ಟಿಯೊಳಗೇ ತಣ್ಣಗಾಯಿತು.

*

ಆಮೇಲೆ ಉಳಿದದ್ದು ಕೆಲವೇ ನಡೆಗಳು. ಕಪ್ಪು ರಾಜ ಸಿಕ್ಕಿಬಿದ್ದು ಮಾತ್ ಆಯಿತು. ನಿಯೆವೆಸ್ ಫಲಿತಾಂಶ ಬರೆದುಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲೆ ಓಡುವ ಸದ್ದು. ಒತಿಲಿಯಾ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಸಾರಿನ ಸೌಟು, ಕೆದರಿದ ಕೂದಲು. ಇಡೀ ಕೋಣೆಯಲ್ಲಿ ಅವಳಿಗೆ ಒಬ್ಬನೇ ಕಂಡ.

"ಎಲೆಯಾಸಾರ್," ಎಂದಳು. ಬೈಗುಳದಂತೆ, ಪ್ರಾರ್ಥನೆಯಂತೆ. "ಎಲ್ಲಿ ಹಾಳಾಗಿ ಹೋಗಿದ್ದೆ? ದಿನಾ ತಟ್ಟೆ ಇಟ್ಟು... ದಿನಾ... ಯಾರಿಗೆ ಅಂತಾನೇ ಗೊತ್ತಾಗ್ತಿರಲಿಲ್ಲ ನನಗೆ..."

ಮುದುಕ ಎದ್ದ. ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖವನ್ನೊಬ್ಬರು ಕುರುಡರಂತೆ ಕೈಯಿಂದ ತಡವಿ ನೋಡಿದರು. ಹೋಗುವ ಮುಂಚೆ ಅವನು ಕಾಯಿಗಳ ಪೆಟ್ಟಿಗೆಯನ್ನು ಬಾಸ್ತಿಯಾನನ ಕಡೆ ತಳ್ಳಿದ.

"ಇನ್ನು ಇದು ನಿಂದು," ಎಂದ. "ಮೂರು ಸಲ ಕೇಳಿದೆನಪ್ಪ. ನಾಲ್ಕನೇದು ಕೇಳೋ ಶಕ್ತಿ ಇರಲಿಲ್ಲ. ನೀನು ಬಾಯಿ ಕಟ್ಟಿದ್ದಕ್ಕಲ್ಲ. ಇವಳ ದನಿ ಕೇಳಿದ ಮೇಲೆ ನಾನೇ ಕೆಟ್ಟೆ." ಅವನು ಬಾಸ್ತಿಯಾನನ ಕಣ್ಣನ್ನು ನೋಡಲಿಲ್ಲ.

ಹೆಸರು ಹೇಳಿ, ಚೀಟಿ ತೋರಿಸಿ ಬಾಸ್ತಿಯಾನ ಫೋನು ಬಿಡಿಸಿಕೊಂಡ. ಠಾಣೆಯ ಹೊರಗೆ, ದೋಣಿಗಳ ಮೇಲೆ ಗಾಳಿ ಹಗ್ಗ ಬಡಿಯುತ್ತಿದ್ದ ಜಾಗದಲ್ಲಿ ನಿಂತು ಕರೆ ಮಾಡಿದ.

"ಹಲೋ? ಯಾರು?"

"ಮೈತೆ. ನಾನು ಕಣೇ. ಆಯ್ತು. ಆಗ್ಬಿಟ್ಟೆ."

"ಏನಾಯ್ತು? ಯಾರು ಮಾತಾಡ್ತಿರೋದು?"

"ಅಪ್ಪ. ಪುಟ್ಟಿ, ಅಪ್ಪ."

ಆ ಕಡೆ ಟೀವಿಯ ಸದ್ದು. ಚಮಚ ಬಟ್ಟಲಿಗೆ ತಾಗಿದ ಸದ್ದು.

"ಅಂಕಲ್, ನಿಮಗೆ ನಂಬರ್ ತಪ್ಪಿರಬೇಕು. ನಂಗೆ ಅಪ್ಪ ಇಲ್ಲ."

"ಕುದುರೆಗೆ ನೀರು ಕುಡಿಸಿದೆ," ಎಂದ ಅವನು. "ಆನೆಗೆ ಹುಲ್ಲು..."

"ಅಮ್ಮಾ," ಅವಳು ಫೋನಿನಿಂದ ದೂರ ತಿರುಗಿ ಕೂಗಿದಳು. ಗಾಬರಿಯಿಲ್ಲ, ಬರೀ ಕನಿಕರ. "ಅಮ್ಮಾ, ಯಾರೋ ಅಂಕಲ್ ಅಳ್ತಿದಾರೆ."

ಕರೆ ನಿಂತಿತು. ತೆಮುಕೊಗೆ ಮಾಡಿದ; ತಾಯಿ ಎರಡು ಸಲ "ಯಾರು ಬೇಕಿತ್ತು?" ಎಂದು ಕೇಳಿ ಇಟ್ಟಳು. ಮಧ್ಯಾಹ್ನದ ಧ್ವನಿಸಂದೇಶ ಮಾತ್ರ ಫೋನಿನಲ್ಲಿ ಹಾಗೇ ಇತ್ತು. ಯಂತ್ರಕ್ಕೆ ಮಾಟ ತಾಗುವುದಿಲ್ಲ. ಬೇಗ ಆಗ್ಬಿಡು, ಆಯ್ತಾ? ಅವನು ಅದನ್ನು ಮತ್ತೆ ಕೇಳಿದ. ಮತ್ತೆ ಕೇಳಿದ. ಫೋನಿನ ಜೀವ ಆರುವ ತನಕ ಕೇಳಿದ.

ವಸತಿಮನೆಗೆ ಬಂದಾಗ ಅಡುಗೆಮನೆಯಲ್ಲಿ ನಗು ಕೇಳುತ್ತಿತ್ತು. ಒತಿಲಿಯಾ, ಎಲೆಯಾಸಾರ, ಫಾರ್ಫಾನ್. ಮೇಜಿನ ಮೇಲೆ ಸರಿಯಾಗಿ ಮೂರು ತಟ್ಟೆ. ಹೊಸಿಲಲ್ಲಿ ನಿಂತ ಅವನನ್ನು ಕಂಡು ಒತಿಲಿಯಾ ಎದ್ದು ಬಂದಳು. "ಕೋಣೆ ಬೇಕಿತ್ತಾ ಸ್ವಾಮಿ? ಒಂದಿದೆ. ಯಾರದೋ ಸಾ‌ಮಾನು ಬಿದ್ದಿದೆ ಅಲ್ಲಿ, ತೆಗೆಸಿಕೊಡ್ತೀನಿ."

ಹಿಂದೆ ಕೂತಿದ್ದ ಎಲೆಯಾಸಾರ ತಟ್ಟೆಯಿಂದ ತಲೆ ಎತ್ತಲಿಲ್ಲ. ಆ ಮನೆಯಲ್ಲಿ ಅವನೊಬ್ಬನಿಗೇ ಬಾಸ್ತಿಯಾನ ಯಾರೆಂದು ಗೊತ್ತಿತ್ತು.

*

ಮರುದಿನ ಬೆಳಿಗ್ಗೆ ಎರಡನೆಯ ಸುತ್ತು. ರಾತ್ರಿಯಿಡೀ ಬಾಸ್ತಿಯಾನನಿಗೆ ನಿದ್ದೆ ಬಂದಿರಲಿಲ್ಲ, ಆದರೆ ಬೆಳಗಾಗುತ್ತಲೇ ಕಾಲು ತಾನಾಗಿ ಠಾಣೆಯ ಕಡೆ ನಡೆಯಿತು. ಪೆಟ್ಟಿಗೆ ಕಂಕುಳಲ್ಲಿತ್ತು. ಕಾಯಿಗಳನ್ನು ಜೋಡಿಸಿ ಕೂತ. ಎದುರು ಕುರ್ಚಿ ಎಳೆದು ಕೂತವನು ಫಾರ್ಫಾನ್.

"ನಿಮ್ಮ ಬಗ್ಗೆ ಈಗ ತಾನೇ ಓದಿದೆ. ನಿನ್ನೆ ಎರಡು ಸಾವಿರದ ಐನೂರು ದಾಟಿದ್ರಂತೆ. ಅಭಿನಂದನೆ, ಗ್ರ್ಯಾಂಡ್‌ಮಾಸ್ಟರ್!" ಫಾರ್ಫಾನ್ ಕೈ ಕುಲುಕಿದ. "ನಿಮ್ಮ ಜೊತೆ ಮೊದಲನೇ ಸಲ ಆಡ್ತಿರೋದು ನಾನು. ನಮ್ಮ ಊರಲ್ಲಿ ಹೇಳಿಕೊಳ್ಳೋಕೆ ಒಂದು ವಿಷಯ ಆಯ್ತು. ನಾಲ್ಕು ಮಕ್ಕಳು ನಂಗೆ, ಒಂದಕ್ಕೂ ಚದುರಂಗ ಅಂದ್ರೆ ಆಗಲ್ಲ. ಆದ್ರೂ ಕೇಳಿಸ್ತೀನಿ, ಕಟ್ಟಿಹಾಕಿ ಕೇಳಿಸ್ತೀನಿ."

ಬಾಸ್ತಿಯಾನ ತನ್ನ ಕಾಯಿಗಳನ್ನು ನೋಡಿದ. ಒಂದು ರಾಣಿ. ಅದನ್ನು ತೆರೆದ ಮನೆಯಲ್ಲಿಟ್ಟರೆ ಸಾಕು. ಫಾರ್ಫಾನ್ ಹೊಡೆಯುತ್ತಾನೆ, ಹೊಡೆಯದೆ ಬಿಡುವ ಆಟಗಾರನಲ್ಲ. ವಾಲ್ಪರೈಸೊದಲ್ಲಿ ಒಂದು ಹುಡುಗಿ ಚಮಚ ಕೆಳಗಿಟ್ಟು, ಅಯ್ಯೋ ಅಪ್ಪನಿಗೆ ಮೆಸೇಜ್ ಕಳಿಸಿಲ್ಲ ಎಂದು ಓಡಿ ಹೋಗುತ್ತಾಳೆ. ಅರೆಕಿಪಾದಲ್ಲಿ ನಾಲ್ಕು ಮಕ್ಕಳು ಅವರವರ ಪಾಡಿಗೆ ಆಡಿಕೊಂಡಿರುತ್ತಾರೆ, ಏನೋ ಮರೆತವರಂತೆ ಒಂದು ಕ್ಷಣ ನಿಂತು.

ಫಾರ್ಫಾನ್ ಕಾಲಾಳು ಸರಿಸಿದ. ಬಾಸ್ತಿಯಾನನೂ ಒಂದು ಸರಿಸಿದ. ರಾಣಿಯನ್ನು ಮುಟ್ಟಲಿಲ್ಲ. ಕೈಯನ್ನು ಅಂಗೈ ಮೇಲಾಗಿ ಮೇಜಿನ ಅಂಚಿನಲ್ಲಿಟ್ಟ. ಬಾಯಲ್ಲಿ ಬೇರೆ ಮಾತು ಹುಡುಕಿದ. ಹನ್ನೊಂದು ವರ್ಷದ ಮಾತುಗಳು ಗಂಟಲಿನ ತನಕ ಬಂದು, ಅಲ್ಲಿ ಗಂಟಾಗಿ ನಿಂತವು. ಒಂದೇ ಮಾತು ಹೊರಗೆ ಬಂತು.

"ಡ್ರಾ ಕೊಡಪ್ಪ."

ಫಾರ್ಫಾನ್ ಅವನ ಮುಖ ನೋಡಿದ. ಎಲ್ಲೋ ಕಂಡ ಮುಖವನ್ನು ನೆನಪಿಸಿಕೊಳ್ಳುವವನಂತೆ ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಆಮೇಲೆ ಹೆಗಲು ಕುಣಿಸಿ ನಕ್ಕು, ಚಾಚಿದ ಕೈಯನ್ನು ಹಿಡಿದ.

"ದೊಡ್ಡವರು ಕೇಳಿದ್ರೆ ಬೇಡ ಅನ್ನೋಕಾಗುತ್ತಾ? ನಂಗೇ ಲಾಭ. ನಿಮಗೆ ನಷ್ಟ."

ಎರಡು ರಾಜರನ್ನು ಹಾಸಿನ ನಡುವೆ ಅಕ್ಕಪಕ್ಕ ನಿಲ್ಲಿಸಿ ಅವನು ಎದ್ದು ಹೋದ. ನಿಯೆವೆಸ್ ಚೀಟಿಯನ್ನು ನೋಡಿ ಹೆಸರು ಬರೆದುಕೊಂಡಳು. ಆ ಬೆಳಿಗ್ಗೆ ಬಾಸ್ತಿಯಾನ್ ಇರಿಗೋಯೆನನ ರೇಟಿಂಗ್ 2498.6.